ರಿಪೋರ್ಟಿನ್ಯಾಗಿನ ಪ್ರೋಟೀನು ಬ್ಯಾಳ್ಯಾಗಿನ ಪ್ರೋಟೀನಲ್ರಿ

ಹೋದ ತಿಂಗಳು ಇದೇ ಪುಟದಾಗ ಎದಿ ಕ್ಯಾನ್ಸರ್ ಬಗ್ಗೆ ನಾಕು ಸಾಲು ಬರದು, ಬಯಾಪ್ಸಿ ರಿಪೋರ್ಟಿನ್ಯಾಗ ಯಾವ ಪ್ರೋಟೀನು ಹೆಚ್ಚು ಕಡಿಮಿ ಐತಿ ಅಂತ ಡಾಕ್ಟರನ್ನ ಕೇಳ್ರಿ ಅಂದಿದ್ದೆ. ಅಷ್ಟು ಅಂದಿದ್ದ ತಪ್ಪಾತು ನೋಡ್ರಿ. ಕಾಗದ, ವಾಟ್ಸಾಪು, ವಾಯ್ಸ್ ಮೆಸೇಜು ಅಂತ ಗಂಟುಗಟ್ಟಲೆ ಬಂದಾವ, ಅದರಾಗ ಅರ್ಧ ಮಂದಿ ಬ್ಯಾಳಿ ತಿನ್ನಬಹುದೋ ಇಲ್ಲೋ ಅಂತ ಕೇಳ್ಯಾರ. ಹೊಸಬರಿಗೆ ಒಂದು ಮಾತು, ನಾನು ಗುಳಿಗಿ ಬರದುಕೊಡೋ ಡಾಕ್ಟರಲ್ಲ, ಬಳ್ಳಾರ್ಯಾಗ ಹಿಂದಿನ ರೂಮಿನ್ಯಾಗ ಮೈಕ್ರೋಸ್ಕೋಪ್ ಮುಂದ ಕೂತು ಸ್ಲೈಡ್ ನೋಡೋ ಪೆಥಾಲಜಿಸ್ಟು. ನೀವು ನನ್ನ ಮಾರಿ ನೋಡಿರೋದಿಲ್ಲ, ನಿಮ್ಮ ಗಂಟು ನಾನು ನೋಡಿರ್ತೀನಿ. ಹೆಸರು ಹಾಕಬ್ಯಾಡ್ರಿ ಅಂತ ಎಲ್ಲಾರೂ ಬರದಾರ, ಹಾಕಿಲ್ಲ, ಊರಷ್ಟ ಹಾಕೀನಿ.

ಪ್ರಶ್ನೆ: ನಮ್ಮ ಅತ್ತಿಯವರಿಗೆ 58 ವರ್ಷ. ಎಡಗಡಿ ಎದಿಯೊಳಗ ಗಂಟಾಗಿ ಬಯಾಪ್ಸಿ ಮಾಡಿಸೀವಿ ಮೇಡಂ. ರಿಪೋರ್ಟ್‌ನಾಗ ಈಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್2 ಪಾಸಿಟಿವ್ 3+, ಪ್ರೋಟೀನ್ ಓವರ್‌ಎಕ್ಸ್‌ಪ್ರೆಷನ್ ಅಂತ ಅದ. ನಮ್ಮ ಮಾವನೋರು ಪ್ರೋಟೀನ್ ಜಾಸ್ತಿ ಆಗೇ ಇದು ಬಂದದ ಅಂತ ಬ್ಯಾಳಿ, ತತ್ತಿ, ಹಾಲು, ಶೇಂಗಾ ಎಲ್ಲಾ ಬಂದ್ ಮಾಡಿಸ್ಯಾರ. ಇಪ್ಪತ್ತು ದಿನ ಆತು ಬರೇ ಗಂಜಿ, ತಿಳಿಸಾರು. ಬಹಳ ಸೊರಗ್ಯಾರ. ಏನು ಮಾಡ್ಲಿ?
— ಸಿಂಧನೂರಿನ ಒಬ್ಬ ಸೊಸಿ

ಉತ್ತರ: ತಂಗಿ, ಮೊದಲು ಅತ್ತಿಯವರಿಗೆ ಒಂದು ಬಟ್ಟಲ ಗಟ್ಟಿ ಬ್ಯಾಳಿ ಹಾಕ್ರಿ, ಆಮ್ಯಾಲೆ ಕುಂತು ಇದನ್ನ ಓದ್ರಿ. ಊರಾಗ ಹತ್ತು ಮಂದಿ ಬಸಪ್ಪ ಇದ್ರ ಒಬ್ಬ ಬಸಪ್ಪನ ಸಾಲಕ್ಕ ಇನ್ನೊಬ್ಬ ಬಸಪ್ಪನ ಮನಿ ಜಪ್ತಿ ಮಾಡ್ತಾರೇನು? ಇಲ್ಲಿ ಆಗಿರೋದು ಅದ. ತಿಂದ ಬ್ಯಾಳಿ ಹೊಟ್ಟ್ಯಾಗ ಒಡದು ಚೂರಾಗಿ ರಕ್ತಕ್ಕ ಹೋಗ್ತೈತಿ, ಆ ಚೂರಿನಿಂದ ದೇಹ ತನಗ ಬೇಕಾದ್ದನ್ನ ತಾನ ಕಟ್ಟಿಕೊಳ್ತೈತಿ. ಬ್ಯಾಳಿ ಜಾಸ್ತಿ ತಿಂದ್ರ ಹರ್2 ಜಾಸ್ತಿ ಆಗಂಗಿಲ್ಲ, ಬ್ಯಾಳಿ ಬಿಟ್ರ ಹರ್2 ಕಡಿಮಿ ಆಗಂಗಿಲ್ಲ. ಕೀಮೋ ಶುರುವಾಗೋ ಮುಂದ ಹಿಂಗ ಸೊರಗಿಸಿದ್ರ ರಕ್ತ ಕಡಿಮಿ ಆಗಿ, ಶಕ್ತಿ ಕುಂದಿ, ಡೋಸ್ ಮುಂದಕ್ಕ ಹಾಕೋ ಪಾಳಿ ಬರ್ತೈತಿ. ಮಾವನೋರಿಗೆ ಇದನ್ನ ಓದಿ ಹೇಳ್ರಿ, ಸಿಟ್ಟು ಬಂದ್ರ ನನ್ನ ಮ್ಯಾಲೆ ಬರ್ಲಿ.

ಈಆರ್, ಪಿಆರ್ ಅಂದ್ರ ಹಾರ್ಮೋನು ಬಂದು ಕೂಡೋ ಪ್ರೋಟೀನುಗಳು, ಈಆರಿನ ಮಾತು ಮುಂದ ಬರ್ತೈತಿ. ಈಗ ಹರ್2 ಅಂದ್ರ ಏನು. ಕೋಶದ ಹೊರಗ ಚರ್ಮದ ಮ್ಯಾಲೆ ಆಂಟೆನಾ ಇದ್ದಂಗ ನಿಂತಿರೋ ಒಂದು ಪ್ರೋಟೀನು. ಎಲ್ಲಾ ಹೆಣ್ಣುಮಕ್ಕಳ ಎದಿಯೊಳಗೂ ಇರ್ತೈತಿ, ನನಗೂ ಐತಿ, ನಿಮಗೂ ಐತಿ. ಇದು ಒಬ್ಬಂಟಿಯಾಗಿ ಏನೂ ಮಾಡಂಗಿಲ್ಲ, ಜೋಡಿ ಸಿಕ್ಕಾಗಷ್ಟ ಕೆಲಸ. ಇದರ ಮನಿತನದಾಗ ನಾಕು ಮಂದಿ ಅದಾವ, ಹರ್1, ಹರ್2, ಹರ್3, ಹರ್4 ಅಂತ. ಎತ್ತಿನ ಜೋಡಿ ನೆನಸ್ಕೋರಿ. ಹರ್2 ಅನ್ನೋ ಎತ್ತು ಭಾರಿ ಗಟ್ಟಿ, ಆದ್ರ ಕಿವುಡು, ಹೊರಗಿಂದ ಬರೋ ಯಾವ ಸಂದೇಶನೂ ಅದಕ್ಕ ನೇರವಾಗಿ ಮುಟ್ಟಂಗಿಲ್ಲ. ಹರ್3 ಅನ್ನೋ ಎತ್ತಿಗೆ ಕಿವಿ ಚುರುಕು, ಸಂದೇಶ ಬಂದ ಕೂಡ್ಲೆ ಹಿಡಿತೈತಿ, ಆದ್ರ ಎಳೆಯಾಕ ಕಸುವಿಲ್ಲ. ಎರಡನ್ನೂ ಒಂದು ನೊಗಕ್ಕ ಕಟ್ಟಿದ್ರ ಮಾತ್ರ ಬಂಡಿ ಓಡ್ತೈತಿ, ಅದೂ ಎಂಥಾ ಓಟ, ಈ ಮನಿತನದ ಎಲ್ಲಾ ಜೋಡಿಗಿಂತ ಇದ ಜೋರು. ಬಂಡಿ ಓಡಿತು ಅಂದ್ರ ಒಳಗ ಪಿಐ3ಕೆ, ಅದರ ಹಿಂದ ಎಕೆಟಿ ಅಂತ ಒಂದಾದ ಮ್ಯಾಲೆ ಒಂದು ಪ್ರೋಟೀನು ಎದ್ದು, ಬೆಳಿ, ಎರಡಾಗು, ಸಾಯಬ್ಯಾಡ ಅಂತ ಕೋಶಕ್ಕ ಹುಕುಂ ಕೊಡ್ತಾವ. ಸಾಮಾನ್ಯ ಕೋಶದಾಗ ಈ ಜೋಡಿ ಆಗೊಮ್ಮೆ ಈಗೊಮ್ಮೆ ಕೂಡಿ ಬಿಡ್ತಾವ. ಅತ್ತಿಯವರ ಗಂಟಿನ ಕೋಶದಾಗ ಹರ್2 ಜೀನಿನ ನಕಲು ಬೇಕಾಬಿಟ್ಟಿ ಹೆಚ್ಚಾಗಿ, ಸಾವಿರದ ಲೆಕ್ಕದಾಗ ಇರಬೇಕಾದ ಆಂಟೆನಾ ಲಕ್ಷದ ಲೆಕ್ಕಕ್ಕ ಹೋಗ್ಯಾವ. ಜಾತ್ರ್ಯಾಗ ತೇರಿನ ಮುಂದ ನಿಂತವರು ಬ್ಯಾಡಂದ್ರೂ ಒಬ್ಬರಿಗೊಬ್ಬರು ಮೈ ತಾಗೋದಿಲ್ಲೇನು, ಹಂಗ ಇವು ಸಂದೇಶ ಬರಲಿ ಬಿಡಲಿ ತಮ್ಮತಮ್ಮಾಗ ಕೂಡಿಕೊಂಡು ಹುಕುಂ ಕೊಡ್ತಾನ ಇರ್ತಾವ. 3+ ಅಂದ್ರ ನಾನು ಸ್ಲೈಡಿನ್ಯಾಗ ನೋಡಿದಾಗ ಪ್ರತಿ ಕೋಶದ ಸುತ್ತ ಕಂದು ಬಣ್ಣದ ಗಟ್ಟಿ ಬಳಿ ತೊಡಿಸಿದಂಗ ಕಾಣ್ತೈತಿ ಅಂತ.

ನೂರು ಎದಿ ಕ್ಯಾನ್ಸರಿನ್ಯಾಗ 15ರಿಂದ 20 ಈ ನಮೂನಿದು. ಮೊದಲು ಇದು ಬಹಳ ಕೆಟ್ಟದ್ದು ಅಂತ ಹೆಸರು ತಗೊಂಡಿತ್ತು. 1987ರಾಗ ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತವರ ತಂಡ ಹರ್2 ನಕಲು ಹೆಚ್ಚಿರೋ ಹೆಣ್ಣುಮಕ್ಕಳಿಗೆ ರೋಗ ಲಗೂನ ತಿರುಗಿ ಬರ್ತೈತಿ ಅಂತ ತೋರಿಸಿದ್ರು, 1998ರಾಗ ಅದನ್ನ ಹಿಡಿಯೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧ ಅಲ್ಲಿ ಮಂಜೂರಾತು. ಆಗ ಅದರ ರೇಟು ಕೇಳಿದ್ರ ನಮ್ಮ ಕಡಿ ಹೊಲ ಮಾರಬೇಕಿತ್ತು. 2014ರಾಗ ಬೆಂಗಳೂರಿನ ಬಯೋಕಾನ್ ಅದಕ್ಕ ಸರಿಸಮನಾದ ಔಷಧ ತಂತು, ಆಮ್ಯಾಲೆ ಬ್ಯಾರೇ ಕಂಪನಿಗಳೂ ತಂದ್ವು, ಈಗ ಮೊದಲಿನಷ್ಟು ರೇಟಿಲ್ಲ. ಇನ್ನೊಂದು ಔಷಧ ಪರ್ಟುಜುಮ್ಯಾಬ್, 2012ರದ್ದು, ನನಗ ಇದರ ಕೆಲಸ ಬಹಳ ಚಂದ ಅನಿಸ್ತೈತಿ. ಹರ್2 ಜೋಡಿ ಹಿಡಿಯಾಕ ಚಾಚೋ ತೋಳು ಐತಲ್ಲ, ಸೀದಾ ಆ ತೋಳನ್ನ ಹೋಗಿ ಹಿಡಕೊಂಡು ಕೂಡ್ತೈತಿ. ನೊಗಕ್ಕ ಕಟ್ಟಾಕ ಬಿಡಂಗಿಲ್ಲ ಅಂದ್ರ ಬಂಡಿ ಎಲ್ಲಿಂದ ಓಡ್ಬೇಕು.

ಅದಕ್ಕ ಸಿಂಧನೂರಿನ ತಂಗಿ, 3+ ಅಂತ ಓದಿ ಎದಿ ಒಡಕೊಬ್ಯಾಡ್ರಿ. ಹಿಡಿಯಾಕ ಒಂದು ಜಾಗ ಸಿಕ್ಕೈತಿ ಅಂತ ಅದರರ್ಥ. ಶುರುವಿನ ಹಂತದ ರೋಗಕ್ಕ ಕೀಮೋ ಜೋಡಿ ಶುರು ಮಾಡಿ ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಒಟ್ಟು ಒಂದು ವರ್ಷದ ಲೆಕ್ಕದಾಗ ಟ್ರಾಸ್ಟುಜುಮ್ಯಾಬ್ ಸೂಜಿ ಕೊಡ್ತಾರ. ಹೃದಯದ ಮ್ಯಾಲೆ ಸ್ವಲ್ಪ ಭಾರ ಬೀಳಬಹುದು ಅಂತ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸ್ತಾರ, ಅದನ್ನ ತಪ್ಪಿಸಬ್ಯಾಡ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಅನುಕೂಲ ಐತಿ, ನಿಮ್ಮ ಸೂಜಿ ಅದರಾಗ ಬರ್ತೈತೋ ಅಂತ ದವಾಖಾನಿಯ ಆರೋಗ್ಯಮಿತ್ರನ್ನ ಕೇಳ್ರಿ.

ಪ್ರಶ್ನೆ: ಕ್ಯಾನ್ಸರ್ ಜೀನಿನ ಕಾಯಿಲೆ ಅಂತ ನಾನು ಮಕ್ಕಳಿಗೆ ಪಾಠ ಮಾಡ್ತೀನಿ. ನೀವು ಪ್ರೋಟೀನಿನ ಕಾಯಿಲೆ ಅಂತೀರಿ. ಯಾವುದು ಖರೆ?
— ಗಂಗಾವತಿಯ ಮಾಸ್ತರರು

ಉತ್ತರ: ಸರ್, ನಿಮ್ಮ ಪಾಠ ತಪ್ಪಿಲ್ಲ. ಜೀನು ಅಂದ್ರ ಬರದಿಟ್ಟ ಚೀಟಿ, ಪ್ರೋಟೀನು ಅಂದ್ರ ಚೀಟಿ ನೋಡಿ ದುಡಿಯೋ ಆಳು. ಚೀಟ್ಯಾಗ ತಪ್ಪಾದ್ರ ಆಳು ತಪ್ಪು ಮಾಡ್ತಾನ. ಆದ್ರ ಆಳು ಒಬ್ಬನ ದುಡಿಯಂಗಿಲ್ಲ, ಇನ್ನೊಬ್ಬನ ಕೈಗೆ ಕೈ ಕೊಟ್ಟು ದುಡಿತಾನ, ಕ್ಯಾನ್ಸರಿನ ಖರೇ ಗದ್ದಲ ಇರೋದು ಆ ಕೈ ಕೂಡೋ ಜಾಗದಾಗ.

ನಿಮ್ಮೂರಿನವರಿಗೆ ಇದನ್ನ ಹೇಳೋದು ಸಲೀಸು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಹೋತು, ಮರೆತಿಲ್ಲಲ್ಲ? 33 ಗೇಟಿನ್ಯಾಗ ಒಂದು. ಕಲ್ಲಿನ ಕಟ್ಟಿ ಹಂಗ ನಿಂತಿತ್ತು, ನೀರೂ ಪ್ರತಿ ವರ್ಷದ ನೀರ. ಹೋಗಿದ್ದು ಚೈನು, ಗೇಟನ್ನ ಹಿಡಕೊಂಡಿದ್ದ ಕೊಂಡಿ. ಒಂದು ಕೊಂಡಿ ಕಳಚಿದ್ದಕ್ಕ ಎಡದಂಡಿ ಬಲದಂಡಿ ರೈತರೆಲ್ಲಾ ನಿದ್ದಿಗೆಟ್ಟು ಕುಂತಿದ್ವಿ, ಸ್ಟಾಪ್‌ಲಾಗ್ ಇಳಿಸೋ ತನಕ. ಕೋಶದಾಗ ಇಂಥ ಗೇಟು ಪಿ53 ಅನ್ನೋ ಪ್ರೋಟೀನು. ಡಿಎನ್ಎಗೆ ಏಟು ಬಿದ್ದಾಗ ಇದು ಎದ್ದು, ರಿಪೇರಿ ಆಗೋ ತನಕ ನಿಲ್ಲು ಅಂತೈತಿ, ರಿಪೇರಿ ಆಗದಿದ್ರ ಕೋಶವನ್ನ ಸಾಯಾಕ ಕಳಿಸ್ತೈತಿ. ಏಟು ಇಲ್ಲದಾಗ ಇದು ಸುಮ್ಮನ ಎದ್ದು ಕುಂತ್ರ ಬೆಳವಣಿಗಿನ ನಿಲ್ತೈತಲ್ಲ, ಅದಕ್ಕ ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನು ಇದರ ಕೊಳ್ಳಪಟ್ಟಿ ಹಿಡದು ಚೂರು ಮಾಡೋ ಜಾಗಕ್ಕ ಒಯ್ತಿರ್ತೈತಿ. ಏಟು ಬಿದ್ದ ಕೂಡ್ಲೆ ಎಂಡಿಎಂ2 ಕೈ ಬಿಡಬೇಕು. ಎಂಡಿಎಂ2 ಅತಿ ಆದ್ರ ಕೈ ಬಿಡಂಗಿಲ್ಲ, ಆಗ ಪಿ53ರ ಚೀಟಿ ಸರಿ ಇದ್ರೂ ಅದು ಇದ್ದೂ ಇಲ್ಲದಂಗ.

ಇನ್ನ ಪಿ53 ಚೀಟಿನ ಕೆಟ್ಟರ? ಅಲ್ಲೂ ಕೂಟದ ಮಾತ ಬರ್ತೈತಿ. ಪಿ53 ನಾಕು ನಾಕಾಗಿ ಕೂಡಿ ಕೆಲಸ ಮಾಡೋದು, ಪಲ್ಲಕ್ಕಿ ಹೊರೋ ನಾಕು ಮಂದಿ ಇದ್ದಂಗ. ನಾಕರಾಗ ಒಬ್ಬ ಕುಡದು ಬಂದ್ರ ಉಳಿದ ಮೂರು ಮಂದಿ ನೆಟ್ಟಗಿದ್ರೂ ಪಲ್ಲಕ್ಕಿ ವಾಲ್ತೈತಿ. ತಂದಿ ಕಡಿಯಿಂದ ತಾಯಿ ಕಡಿಯಿಂದ ಎರಡು ಚೀಟಿ ಇದ್ದು ಒಂದ ಕೆಟ್ಟಾಗಲೂ ಕೋಶ ಹಳಿ ತಪ್ಪೋದಕ್ಕ ಇದೂ ಒಂದು ಕಾರಣ. ಎದಿ ಕ್ಯಾನ್ಸರಿನ್ಯಾಗ ನೂರಕ್ಕ ಸುಮಾರು 30ರಾಗ ಪಿ53 ಕೆಟ್ಟಿರ್ತೈತಿ, ಈಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಬಂದ ಟ್ರಿಪಲ್ ನೆಗೆಟಿವ್ ಅನ್ನೋದರಾಗ ಅದಕ್ಕಿಂತ ಬಹಳ ಹೆಚ್ಚು.

ಇನ್ನೊಂದು ಜೋಡಿ ಹೇಳಿ ಬಿಡ್ತೀನಿ, ನಿಮ್ಮ ಮಕ್ಕಳಿಗೆ ಹೇಳಾಕ ಛಲೋ ಐತಿ. ಸಿಡಿಕೆ4 ಅಂತ ಒಂದು ಇಂಜಿನ್, ಅದು ತಾನ ಸ್ಟಾರ್ಟ್ ಆಗಂಗಿಲ್ಲ, ಸೈಕ್ಲಿನ್ ಡಿ1 ಬಂದು ಕೂಡಬೇಕು. ಎರಡೂ ಕೂಡಿದ್ರ ಆರ್‌ಬಿ ಅನ್ನೋ ಕಾವಲುಗಾರನ್ನ ಪಕ್ಕಕ್ಕ ಸರಿಸಿ ಕೋಶ ಎರಡಾಗೋ ಬಾಗಿಲು ತೆಗಿತಾವ. ಈ ಸೈಕ್ಲಿನ್ ಅನ್ನೋ ಪ್ರೋಟೀನಿನ ಕುಲ ಮೊದಲು ಸಿಕ್ಕಿದ್ದು ಎದಿಯೊಳಗಲ್ಲ, ಸಮುದ್ರದ ಮುಳ್ಳುಜೀವಿ ಸೀ ಅರ್ಚಿನ್ನಿನ ತತ್ತಿಯೊಳಗ, ಅದನ್ನ ಕಂಡ ಟಿಮ್ ಹಂಟ್ ಅವರಿಗೆ 2001ರಾಗ ಇನ್ನಿಬ್ಬರ ಜೋಡಿ ನೊಬೆಲ್ ಬಂತು. ಈಗ ಪಾಲ್ಬೋಸಿಕ್ಲಿಬ್ ಅಂತ ಆ ಇಂಜಿನ್ನಿನ ಬಾಯಿಗೆ ಬಟ್ಟಿ ತುರುಕೋ ಗುಳಿಗಿ ಐತಿ, 2015ರಿಂದ. ತತ್ತಿ ನೋಡ್ಕೋತ ಕುಂತವನ ಕೆಲಸ ಬಂದು ಇಲ್ಲಿ ಮುಟ್ತು. ಇಂಥವರಿಗೆ ರೊಕ್ಕ ಯಾಕ ಕೊಡ್ತೀರಿ ಅಂತ ಕೇಳೋರಿಗೆ ಇದನ್ನ ಹೇಳ್ರಿ ಸರ್.

ಪ್ರಶ್ನೆ: ನಾನು ಜೀನ್ಸ್ ಹೊಲಿಯೋ ಯುನಿಟ್‌ನಲ್ಲಿ ಕೆಲಸ ಮಾಡ್ತೀನಿ ಮೇಡಂ. ನನಗೂ ಪಕ್ಕದ ಮನೆ ಅಕ್ಕಂಗೂ ಒಂದೇ ವರ್ಷ ಬ್ರೆಸ್ಟ್ ಕ್ಯಾನ್ಸರ್ ಆಯ್ತು, ಇಬ್ಬರದ್ದೂ ಎರಡನೇ ಸ್ಟೇಜು. ಅವರಿಗೆ ಆಪರೇಷನ್ ಮಾಡಿ ದಿನಾ ಒಂದು ಮಾತ್ರೆ ಅಷ್ಟೇ. ನನಗೆ ಎಂಟು ಕೀಮೋ, ಕೂದಲೆಲ್ಲ ಹೋಯ್ತು. ನನ್ನ ಹತ್ರ ದುಡ್ಡು ಕೀಳಾಕೆ ಹಿಂಗೆ ಮಾಡಿದ್ರಾ ಅಂತ ಡೌಟ್ ಐತೆ. ಅಕ್ಕನ ಮಾತ್ರೆನೇ ನಾನೂ ತಗೊಂಡ್ರೆ?
— ಬಳ್ಳಾರಿ

ಉತ್ತರ: ಬ್ಯಾಡ್ರಮ್ಮ, ಆ ಗುಳಿಗಿ ಮುಟ್ಟಬ್ಯಾಡ್ರಿ. ನೀವು ಕಳಿಸಿದ ಫೋಟೋದಾಗ ನಿಮ್ಮ ರಿಪೋರ್ಟು ಮೂರೂ ನೆಗೆಟಿವ್. ಅಕ್ಕನವರದ್ದು ಈಆರ್ ಪಾಸಿಟಿವ್ ಇರಬೇಕು, ಗುಳಿಗಿ ಹೆಸರು ಟ್ಯಾಮಾಕ್ಸಿಫೆನ್ ಅಂತ ಬರದೀರಿ.

ಈಆರ್ ಅಂದ್ರ ಈಸ್ಟ್ರೋಜೆನ್ ಹಾರ್ಮೋನು ಬಂದು ಕೂಡೋ ಸೀಟು, ಕೋಶದ ಒಳಗಿರೋ ಪ್ರೋಟೀನು. ಹಾರ್ಮೋನು ಬರೋ ತನಕ ಇನ್ನೊಂದು ಪ್ರೋಟೀನು ಇದನ್ನ ಹಿಡಕೊಂಡು ಸುಮ್ಮನಿರಿಸಿರ್ತೈತಿ. ಹಾರ್ಮೋನು ಬಂದು ಕುಂತ ಕೂಡ್ಲೆ ಅದು ಕೈ ಬಿಡ್ತೈತಿ, ಈಆರಿನ ಮೈ ಹೊಳ್ಳತೈತಿ, ಎರಡು ಈಆರ್ ಜೋಡಿಯಾಗಿ ಡಿಎನ್ಎ ಮ್ಯಾಲೆ ಹೋಗಿ ಕೂಡ್ತಾವ, ಹೊಳ್ಳಿದ ಮೈಯಾಗ ತೆರಕೊಂಡ ಸಂದಿಗೆ ಕೋಆಕ್ಟಿವೇಟರ್ ಅನ್ನೋ ಸಹಾಯಕ ಪ್ರೋಟೀನುಗಳು ಬಂದು ಜಡಕೊಂಡ್ವು ಅಂದ್ರ ಬೆಳೆಸೋ ಜೀನು ಚಾಲೂ. ಟ್ಯಾಮಾಕ್ಸಿಫೆನ್ ಮಾಡೋದೇನು? ಬಸ್ಟ್ಯಾಂಡಿನ್ಯಾಗ ಬಸ್ಸು ಬಂದ ಕೂಡ್ಲೆ ಕಿಡಕಿಯಾಗಿಂದ ಟವೆಲ್ ಒಗದು ಸೀಟ್ ಹಿಡಿತಾರಲ್ಲ, ಆ ಟವೆಲ್ ಇದು. ಹಾರ್ಮೋನಿನ ಸೀಟಿನ ಮ್ಯಾಲೆ ತಾನು ಕುಂತು, ಆ ಸಂದಿ ಮುಚ್ಚಿಬಿಡ್ತೈತಿ, ಸಹಾಯಕರು ಬಂದು ನಿಂತು ಹಂಗ ಹೊಳ್ಳಿ ಹೋಗ್ತಾರ. ದಿನಾ 20 ಮಿಲಿಗ್ರಾಂ, ಐದು ವರ್ಷ, ಕೆಲವರಿಗೆ ಹತ್ತು. ಲೋಕದ ಲೆಕ್ಕದಾಗ ನೂರಕ್ಕ ಸುಮಾರು 70 ಎದಿ ಕ್ಯಾನ್ಸರ್ ಈ ಈಆರ್ ಪಾಸಿಟಿವ್ ಜಾತಿದು, ನಮ್ಮ ದೇಶದಾಗ ಸ್ವಲ್ಪ ಕಡಿಮಿ. ಮುಟ್ಟು ನಿಂತ ಮ್ಯಾಲೂ ಮೈಯಾಗಿನ ಕೊಬ್ಬು ಸ್ವಲ್ಪ ಸ್ವಲ್ಪ ಈಸ್ಟ್ರೋಜೆನ್ ಮಾಡ್ತಾನ ಇರ್ತೈತಿ, ಅದಕ್ಕ ಆ ವಯಸ್ಸಿನವರಿಗೆ ಹಾರ್ಮೋನು ತಯಾರಾಗೋದನ್ನ ನಿಲ್ಲಿಸೋ ಲೆಟ್ರೋಜೋಲ್ ಬರಿತಾರ. ಇದರ ಎಳಿ ಹಿಡಕೊಂಡು ಹಿಂದ ಹೋದ್ರ 1896ಕ್ಕ ಹೋಗ್ತೈತಿ, ಸ್ಕಾಟ್ಲೆಂಡಿನ ಬೀಟ್ಸನ್ ಅನ್ನೋ ಸರ್ಜನ್ ಅಂಡಾಶಯ ತೆಗೆದ್ರ ಎದಿ ಗಂಟು ಕುಗ್ಗೋದನ್ನ ಬರದಿಟ್ಟಾನ. ಸೀಟು ಯಾವುದು, ಅದರಾಗ ಕೂಡೋರು ಯಾರು, ಅವನಿಗೆ ಗೊತ್ತಿರಾಕ ಸಾಧ್ಯನ ಇರಲಿಲ್ಲ.

ನಿಮ್ಮ ಕೋಶದಾಗ ಆ ಸೀಟ ಇಲ್ರಮ್ಮ, ಟವೆಲ್ ಎಲ್ಲಿ ಹಾಕೋದು? ಹರ್2 ಆಂಟೆನಾನೂ ಹೆಚ್ಚಿಲ್ಲ. ಅಂಥ ಗಂಟಿಗೆ ಮುಖ್ಯ ಔಷಧ ಕೀಮೋನ, ಈಗೀಗ ಕೆಲವರಿಗೆ ಅದರ ಜೋಡಿ ಮೈಯಾಗಿನ ರೋಗನಿರೋಧಕ ಶಕ್ತಿನ ಎಬ್ಬಿಸೋ ಇಮ್ಯುನೋಥೆರಪಿ ಸೇರ್ಯಾದ. ನಿಮ್ಮ ಡೌಟು ಬಂದಿದ್ದು ತಪ್ಪಲ್ಲ, ಆದ್ರ ಈ ಸಲ ಡಾಕ್ಟರು ಮಾಡಿದ್ದು ಸರಿ ಐತಿ. ಒಂದು ಬೇಜಾರು ಮಾತ್ರ ಹೇಳ್ತೀನಿ, ಇದನ್ನ ನಿಮಗ ಮೊದಲ ದಿನಾನ ಐದು ನಿಮಿಷ ಕುಂತು ಯಾರಾದ್ರೂ ಹೇಳಿದ್ರ ಎಂಟು ಕೀಮೋ ತನಕ ಈ ಸಂಶಯ ಹೊಟ್ಟ್ಯಾಗ ಇಟ್ಕೊಂಡು ಕೂದಲು ಉದುರಿಸಿಕೊಳ್ಳೋ ಪಾಳಿ ಬರ್ತಿರಲಿಲ್ಲ.

ಪಕ್ಕದ ಮನಿ ಅಕ್ಕಗೂ ಒಂದು ಮಾತು ಮುಟ್ಟಿಸ್ರಿ. ಟ್ಯಾಮಾಕ್ಸಿಫೆನ್ ಲಿವರಿನ್ಯಾಗ ಬದಲಾದ ಮ್ಯಾಲೆ ಅದಕ್ಕ ಪೂರ್ಣ ಶಕ್ತಿ, ಮನಸ್ಸಿನ ಕಾಯಿಲೆಗೆ ಕೊಡೋ ಪ್ಯಾರೊಕ್ಸೆಟಿನ್, ಫ್ಲುಒಕ್ಸೆಟಿನ್ ಅನ್ನೋ ಗುಳಿಗಿ ಆ ಬದಲಾಗೋದನ್ನ ತಡಿತಾವ. ಅಂಥದ್ದೇನಾರ ತಗೊಳ್ತಿದ್ರ ತಾವ ನಿಲ್ಲಿಸೋದು ಬ್ಯಾಡ, ಎರಡೂ ಚೀಟಿ ಒಯ್ದು ಡಾಕ್ಟರಿಗೆ ತೋರಿಸ್ಲಿ.

ಪ್ರಶ್ನೆ: ಹರ್2 2+ ಬಂದೈತಿ, ಫಿಶ್ ಟೆಸ್ಟ್ ಮಾಡಿಸ್ರಿ ಅಂದಾರ. ನಮ್ಮ ಮನಿಯಾಗ ಯಾರೂ ಮೀನು ಮುಟ್ಟೋರಲ್ರಿ, ಅವ್ವ ಒಲ್ಲೆ ಅಂತ ಹಟ ಹಿಡದು ಕುಂತಾಳ.
— ಕೊಪ್ಪಳ

ಉತ್ತರ: ಅವ್ವಗ ಹೇಳ್ರಿ, ಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಆ ಟೆಸ್ಟಿನ ಇಂಗ್ಲಿಷ್ ಹೆಸರು ಮಾರುದ್ದ ಐತಿ, ಅದರ ಮೊದಲಿನ ಅಕ್ಷರ ಕೂಡಿಸಿದ್ರ ಫಿಶ್ ಅಂತ ಆಕ್ಕೈತಿ. ಹೊಸದಾಗಿ ಸೂಜಿ ಚುಚ್ಚಂಗಿಲ್ಲ, ತೆಗೆದಿಟ್ಟ ತುಣುಕಿನ್ಯಾಗ ಕತ್ತಲ ರೂಮಿನ್ಯಾಗ ಕುಂತು ಹೊಳೆಯೋ ಚುಕ್ಕಿ ಎಣಸ್ತೀವಿ. 0 ಮತ್ತು 1+ ಅಂದ್ರ ನೆಗೆಟಿವ್, 3+ ಅಂದ್ರ ಪಾಸಿಟಿವ್, 2+ ಅಂದ್ರ ಬಣ್ಣ ನೋಡಿ ಹೇಳಾಕ ಆಗಂಗಿಲ್ಲ ಅಂತ, ಅದಕ್ಕ ಪ್ರೋಟೀನು ಬಿಟ್ಟು ಜೀನಿನ ನಕಲನ್ನ ಎಣಿಸೋದು. ಹರ್2 ಚುಕ್ಕಿ, ಅದು ಇರೋ 17ನೇ ಕ್ರೋಮೋಸೋಮಿನ ಗುರುತಿನ ಚುಕ್ಕಿ, ಮೊದಲನೇದು ಎರಡನೇದಕ್ಕಿಂತ ದುಪ್ಪಟ್ಟು ಇಲ್ಲ ಅದಕ್ಕೂ ಹೆಚ್ಚಿದ್ರ ಸಾಮಾನ್ಯವಾಗಿ ಪಾಸಿಟಿವ್ ಅಂತೀವಿ. ಮಾಡಿಸ್ರಿ. ಒಂದು ವರ್ಷದ ಸೂಜಿ ಬೇಕೋ ಬ್ಯಾಡೋ ಅನ್ನೋದು ಅದರ ಮ್ಯಾಲೆ ನಿಂತೈತಿ.

ಪ್ರಶ್ನೆ: ನನಗೆ 27. ಅಮ್ಮನಿಗೆ 41ಕ್ಕೆ, ಚಿಕ್ಕಮ್ಮನಿಗೆ 38ಕ್ಕೆ ಬ್ರೆಸ್ಟ್ ಕ್ಯಾನ್ಸರ್ ಆಗ್ಯದ. ಇಬ್ಬರೂ ಅದಾರ, ಆರಾಮದಾರ. ನನಗೂ ಬರ್ತದೇನು? ಮನಿಯಾಗ ಸೋದರಮಾವನ ಜೊತೆ ಮದುವಿ ಮಾತುಕತಿ ನಡದದ, ಅದಕ್ಕೂ ಇದಕ್ಕೂ ಏನಾದರೂ ಅದ ಏನು?
— ರಾಯಚೂರು

ಉತ್ತರ: ಮಗಳೇ, ಛಲೋ ಪ್ರಶ್ನೆ ಕೇಳಿದಿ, ಎರಡನೇದು ಇನ್ನೂ ಛಲೋ ಐತಿ.

ಎದಿ ಕ್ಯಾನ್ಸರಿನ್ಯಾಗ ನೂರಕ್ಕ 5ರಿಂದ 10 ಮಾತ್ರ ಹಿರಿಯರಿಂದ ಇಳಿದು ಬಂದ ತಪ್ಪು ಚೀಟಿಯಿಂದ ಆಗೋವು. ಆದ್ರ ನಿಮ್ಮ ಮನಿಯಾಗ ಅಕ್ಕ ತಂಗಿ ಇಬ್ಬರಿಗೂ ಐವತ್ತರ ಒಳಗ ಬಂದೈತಿ, ಅದಕ್ಕ ನೋಡಿಸಬೇಕು. 1990ರಾಗ ಮೇರಿ-ಕ್ಲೇರ್ ಕಿಂಗ್ ಅನ್ನೋ ವಿಜ್ಞಾನಿ ಇಂಥ ಮನಿತನಗಳನ್ನ ಹುಡುಕಿ, ತಪ್ಪು 17ನೇ ಕ್ರೋಮೋಸೋಮಿನ ಮ್ಯಾಲೆ ಐತಿ ಅಂತ ತೋರಿಸಿದ್ರು, 1994ರಾಗ ಬಿಆರ್‌ಸಿಎ1 ಜೀನು ಕೈಗೆ ಸಿಕ್ತು, ಮರುವರ್ಷ ಬಿಆರ್‌ಸಿಎ2.

ಇವು ಮಾಡೋ ಕೆಲಸ ಡಿಎನ್ಎ ಎರಡು ಎಳಿನೂ ಹರಿದಾಗ ಜೋಡಿಸೋದು. ನಿಮ್ಮ ಕಡಿ ಕಾಲುವಿ ಒಡದಾಗ ಏನಾಕ್ಕೈತಿ ನೆನಸ್ಕೋ (ನಮ್ಮ ಭಾಗದಾಗ ಉದಾಹರಣೆ ಎಲ್ಲಾ ಕಾಲುವಿಗೇ ಬಂದು ನಿಲ್ತಾವ, ಏನು ಮಾಡೋದು). ಮೊದಲು ಒಡದ ಜಾಗ ಕಂಡು ಕೂಗೋರು ಬೇಕು, ಕೂಗಿದ್ದು ಕೇಳಿ ಟ್ರ್ಯಾಕ್ಟರಿನವನನ್ನ ಕರಕೊಂಡು ಬರೋರು ಬೇಕು, ಟ್ರ್ಯಾಕ್ಟರ್ ಬೇಕು, ಕಡೀಕ ಉಸುಕಿನ ಚೀಲ. ಕೂಗೋನು ಬಿಆರ್‌ಸಿಎ1, ಅದೂ ಒಬ್ಬನ ಅಲ್ಲ, ಬಾರ್ಡ್1 ಅನ್ನೋ ಜೋಡಿದಾರನ ಜೊತಿ ಇದ್ರಷ್ಟ ಅವನ ಜೀವ ಗಟ್ಟಿ. ನಡುವಿನ ಕೊಂಡಿ ಪಾಲ್ಬಿ2, ಒಂದು ಕೈಲೆ ಬಿಆರ್‌ಸಿಎ1 ಹಿಡದು ಇನ್ನೊಂದು ಕೈಲೆ ಬಿಆರ್‌ಸಿಎ2ನ ಎಳಕೊಂಡು ಬರ್ತೈತಿ. ಬಿಆರ್‌ಸಿಎ2 ಟ್ರ್ಯಾಕ್ಟರು, ರ್‍ಯಾಡ್51 ಅನ್ನೋ ಪ್ರೋಟೀನಿನ ಚೀಲಗಳನ್ನ ಹೇರಿಕೊಂಡು ಬಂದು ಹರಿದ ಎಳಿ ಮ್ಯಾಲೆ ಸಾಲಾಗಿ ಇಳಸ್ತೈತಿ. ಈ ಸಾಲಿನ್ಯಾಗ ಯಾವ ಕೈ ತಪ್ಪಿದರೂ ಪರಿಣಾಮ ಹೆಚ್ಚುಕಡಿಮಿ ಅದ. ನೋಡು, ಕೆಲವು ತಪ್ಪುಗಳಲ್ಲಿ ಬಿಆರ್‌ಸಿಎ1 ಪೂರ್ತಿ ಇರ್ತೈತಿ, ಬಾರ್ಡ್1ನ ಇಲ್ಲಾ ಪಾಲ್ಬಿ2ನ ಹಿಡಿಯೋ ತುದಿಯಷ್ಟ ಕೆಟ್ಟಿರ್ತೈತಿ, ಅಷ್ಟಕ್ಕ ಕ್ಯಾನ್ಸರ್ ಬರ್ತೈತಿ. ಪ್ರೋಟೀನು ಇದ್ರ ಸಾಲದು, ಕೂಡಬೇಕು ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬೇಕೇನು.

ಬಿಆರ್‌ಸಿಎ1 ಇಲ್ಲಾ 2ರಾಗ ತಪ್ಪಿದ್ದ ಹೆಣ್ಣುಮಗಳಿಗೆ 80 ವಯಸ್ಸಿನೊಳಗ ಎದಿ ಕ್ಯಾನ್ಸರ್ ಬರೋ ಸಾಧ್ಯತೆ ನೂರಕ್ಕ ಸುಮಾರು 70, ಪಾಲ್ಬಿ2 ಆದ್ರ ಸುಮಾರು ಅರ್ಧ. ಅಂದ್ರ ಚೀಟಿ ಇದ್ದೂ ಬರದ ಹೋದವರೂ ಅದಾರ. ಅಮ್ಮಗ ಆ ತಪ್ಪಿದ್ರೂ ನಿನಗ ಇಳಿದಿರೋ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕ ಮೊದಲು ನಿನ್ನ ರಕ್ತ ಕೊಡಬ್ಯಾಡ, ಅಮ್ಮನ ರಕ್ತ ಟೆಸ್ಟ್ ಆಗಲಿ, ಅಲ್ಲಿ ತಪ್ಪು ಸಿಕ್ಕರ ನಿನ್ನಲ್ಲಿ ಅದೊಂದನ್ನ ಹುಡುಕಿದ್ರ ಸಾಕು. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ದವಾಖಾನಿಗೆ ಅಮ್ಮನ ಫೈಲು ತಗೊಂಡು ಇಬ್ಬರೂ ಹೋಗ್ರಿ. ತಪ್ಪು ಸಿಕ್ಕಿತು ಅಂತ ಇಟ್ಕೋ, ಆಗೂ ಕೈಕಟ್ಟಿ ಕೂಡೋದಲ್ಲ, ನಿನ್ನ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಮ್ಯಾಮೋಗ್ರಾಂನೂ ಸೇರಿಸಿ ನೋಡ್ತಾರ. ಈ ತಪ್ಪಿರೋ ಕ್ಯಾನ್ಸರಿಗೆ ಓಲಾಪರಿಬ್ ಅನ್ನೋ ಗುಳಿಗಿನೂ ಐತಿ. ಕಾಲುವಿ ದುರಸ್ತಿಗೆ ಇರೋ ಎರಡನೇ ದಾರಿನೂ ಅದು ಬಂದ್ ಮಾಡ್ತೈತಿ, ಕ್ಯಾನ್ಸರ್ ಕೋಶಕ್ಕ ಮೊದಲನೇ ದಾರಿ ಮೊದಲ ಇಲ್ಲ, ಎರಡೂ ಇಲ್ಲದ ಅದು ಸಾಯ್ತೈತಿ, ಒಳ್ಳೆ ಕೋಶಕ್ಕ ಒಂದು ದಾರಿ ಉಳಿದಿರ್ತೈತಿ.

ಸೋದರಮಾವನ ವಿಷಯ. ಅವ ನಿಮ್ಮಮ್ಮನ ತಮ್ಮ, ಅವನಿಗೂ ಅದೇ ಚೀಟಿ ಇಳಿದಿರಬಹುದು, ಗಂಡಸು ಅಂತ ಗೊತ್ತಾಗಿರೋದಿಲ್ಲ ಅಷ್ಟ. ಇಬ್ಬರಾಗೂ ಒಂದೇ ತಪ್ಪಿದ್ದು ಮಗುವಿಗೆ ಎರಡೂ ಕಡಿಯಿಂದ ಬಂತು ಅಂದ್ರ, ಬಿಆರ್‌ಸಿಎ2, ಪಾಲ್ಬಿ2 ಇಂಥದ್ದರಾಗ ಫ್ಯಾಂಕೋನಿ ಅನೀಮಿಯಾ ಅನ್ನೋ ಭಾರಿ ಕಾಯಿಲೆ ಸಣ್ಣ ವಯಸ್ಸಿನ್ಯಾಗ ಬರಬಹುದು. ಅಪರೂಪ ಖರೆ, ಆದ್ರ ನಮ್ಮ ಕಡಿ ಒಳಸಂಬಂಧ ಹೆಚ್ಚು ನೋಡು, ಅದಕ್ಕ ಹೇಳಾಕತ್ತೀನಿ. ಅಮ್ಮನ ಟೆಸ್ಟ್ ಬರೋ ತನಕ ನಿಶ್ಚಿತಾರ್ಥ ತಡೀರಿ ಅಂತ ಮನಿಯಾಗ ಹೇಳು, ಹೇಳಾಕ ಹೆದರಿಕಿ ಆದ್ರ ಈ ಪುಟ ತೋರಿಸು.

ಪ್ರಶ್ನೆ: ನಮ್ಮ ಅಕ್ಕನ ರಿಪೋರ್ಟಿನಾಗ ಲೋಬ್ಯುಲಾರ್, ಈ-ಕ್ಯಾಡ್ಹೆರಿನ್ ಲಾಸ್ ಅಂತ ಅದ. ಮ್ಯಾಮೋಗ್ರಾಂನಾಗ ಏನೂ ಕಾಣಲಿಲ್ಲ ಅಂದಿದ್ರು, ಆಮ್ಯಾಲೆ ನೋಡಿದ್ರ ದೊಡ್ಡದಾಗಿತ್ತು. ಯಾರದು ತಪ್ಪು?
— ಲಿಂಗಸೂಗೂರು

ಉತ್ತರ: ಯಾರದೂ ತಪ್ಪು ಇರಲಿಕ್ಕಿಲ್ಲ. ಈ-ಕ್ಯಾಡ್ಹೆರಿನ್ ಅಂದ್ರ ಪಕ್ಕಪಕ್ಕದ ಕೋಶಗಳು ಒಂದರ ಕೈ ಒಂದು ಹಿಡಕೊಳ್ಳೋ ಪ್ರೋಟೀನು, ಒಳಗಿನಿಂದ ಕ್ಯಾಟೆನಿನ್ ಅನ್ನೋವು ಆ ಕೈಯನ್ನ ಗಟ್ಟಿ ಹಿಡದಿರ್ತಾವ. ಇದು ಹೋದ್ರ ಕೋಶಗಳು ಗುಂಪಾಗಿ ಗಂಟು ಕಟ್ಟಂಗಿಲ್ಲ, ಒಂದರ ಹಿಂದ ಒಂದು ಇರುವಿ ಸಾಲಿನಂಗ ಹೊರಡ್ತಾವ. ಸ್ಲೈಡಿನ್ಯಾಗ ಆ ಸಾಲು ನೋಡಿದ್ರ ಒಮ್ಮೊಮ್ಮೆ ಚಂದ ಅನಿಸಿ, ಆಮ್ಯಾಲೆ ನನಗ ನಾಚಿಕಿ ಆಕ್ಕೈತಿ. ಗಂಟೇ ಇಲ್ಲಂದ್ರ ಎಕ್ಸ್‌ರೇದಾಗ ಎಲ್ಲಿ ಕಾಣಬೇಕು. ಲೋಬ್ಯುಲಾರ್ ಅನ್ನೋದು ಈ ಜಾತಿ, ನೂರಕ್ಕ 10ರಿಂದ 15. ಬಹಳಷ್ಟು ಈಆರ್ ಪಾಸಿಟಿವ್ ಇರ್ತಾವ, ಗುಳಿಗಿಗೆ ಬಗ್ತಾವ.

ಪ್ರಶ್ನೆ: ಅರಿಶಿಣದ ಕ್ಯಾಪ್ಸೂಲ್ ತಗೊಂಡ್ರೆ ಕ್ಯಾನ್ಸರ್ ಪ್ರೋಟೀನುಗಳ ಜೋಡಿ ಬಿಡಿಸುತ್ತಂತೆ, ಹೌದಾ?
— ಸಿರುಗುಪ್ಪ

ಉತ್ತರ: ಗಾಜಿನ ತಟ್ಟ್ಯಾಗ ಕೋಶದ ಮ್ಯಾಲೆ ಸುರುವಿದ್ರ ಅದು ಹತ್ತಾರು ಪ್ರೋಟೀನಿಗೆ ಅಡ್ಡ ಬರ್ತೈತಿ, ಖರೆ. ಹೊಟ್ಟಿಯಿಂದ ರಕ್ತಕ್ಕ ಹೋಗೋದು ಮಾತ್ರ ಬಹಳ ಕಡಿಮಿ, ಎದಿ ಕ್ಯಾನ್ಸರ್ ಗುಣ ಮಾಡ್ತೈತಿ ಅನ್ನೋದಕ್ಕ ಪುರಾವೆ ಇಲ್ಲ. ಸಾರಿಗೆ ಹಾಕ್ರಿ, ರೊಕ್ಕ ಕೊಟ್ಟು ಡಬ್ಬಿ ತರಬ್ಯಾಡ್ರಿ.

ಪ್ರಶ್ನೆ: ನಾನು ಗಂಡಸು, 61 ವರ್ಷ. ಬಲಗಡಿ ತೊಟ್ಟಿನ ಕೆಳಗ ಗಟ್ಟಿ ಗಂಟು ಆಗೈತಿ, ನೋವಿಲ್ಲ. ನಾಚಿಕಿ ಆಗಿ ಯಾರಿಗೂ ಹೇಳಿಲ್ರಿ.
— ಕುಷ್ಟಗಿ

ಉತ್ತರ: ಅಣ್ಣಾರ, ನೂರು ಎದಿ ಕ್ಯಾನ್ಸರಿನ್ಯಾಗ ಹೆಚ್ಚುಕಡಿಮಿ ಒಂದು ಗಂಡಸರದ್ದು ಇರ್ತೈತಿ, ಬಿಆರ್‌ಸಿಎ2 ತಪ್ಪಿದ್ದ ಮನಿತನದಾಗ ಇನ್ನೂ ಹೆಚ್ಚು. ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ. ಈ ಪತ್ರಿಕಿ ಕೈಗೆ ಬಂದ ವಾರಾನ ಸರ್ಜನ್ ಹತ್ರ ಹೋಗ್ರಿ. ನನಗ ಹೇಳೀರಲ್ಲ, ನಾಚಿಕಿ ಅರ್ಧ ಹೋತು.

ಪ್ರಶ್ನೆ: ಮೊದಲ ಲ್ಯಾಬಿನಲ್ಲಿ ಈಆರ್ ನೆಗೆಟಿವ್, ಎರಡನೇ ಲ್ಯಾಬಿನಲ್ಲಿ ಪಾಸಿಟಿವ್. ಯಾವ ಲ್ಯಾಬ್ ಸುಳ್ಳು ಹೇಳಿದ್ದು?
— ಸಂಡೂರು

ಉತ್ತರ: ಸುಳ್ಳು ಅಲ್ಲದೇನೂ ಹಿಂಗ ಆಕ್ಕೈತಿ, ಇದು ನನ್ನ ಹಳೇ ಹೊಟ್ಟಿಯುರಿ, ಸ್ವಲ್ಪ ಉದ್ದ ಬರೀತೀನಿ. ಇಷ್ಟೊತ್ತು ಹೇಳಿದ ಪ್ರೋಟೀನುಗಳೆಲ್ಲಾ ಮಾಂಸ ಹೊರಗ ಬಂದ ಕ್ಷಣದಿಂದ ಕೆಡಾಕ ಶುರು ಮಾಡ್ತಾವ, ನಮ್ಮ ಬ್ಯಾಸಗ್ಯಾಗ ಇನ್ನೂ ಜಲ್ದಿ. ಗಂಟು ತೆಗೆದು ಒಂದು ತಾಸಿನೊಳಗ ಕೊಯ್ದು, ಕೆಡದಂಗ ಕಾಯೋ ಫಾರ್ಮಾಲಿನ್‌ನಾಗ ಮುಳುಗಿಸಬೇಕು, ಗಂಟಿನ ಹತ್ತು ಪಾಲಾದ್ರೂ ಫಾರ್ಮಾಲಿನ್ ಇರಬೇಕು, ಅದರಾಗ ನೆನೆಯೋದು 6 ತಾಸಿಗಿಂತ ಕಡಿಮಿ ಆಗಬಾರದು, 72 ತಾಸು ದಾಟಬಾರದು. ಕಮ್ಮಿ ಆದ್ರ ಈಆರ್ ಇದ್ದೂ ಕಾಣಂಗಿಲ್ಲ, ನಾನು ನೆಗೆಟಿವ್ ಅಂತ ಬರೀತೀನಿ, ಆ ಹೆಣ್ಣುಮಗಳು ಐದು ವರ್ಷ ನುಂಗಬೇಕಾದ ಸೋವಿ ಗುಳಿಗಿ ಕಳಕೊಳ್ತಾಳ. ಒಂದ್ಸಲ ತಾಲೂಕಿನಿಂದ ಬಸ್ಸಿನ್ಯಾಗ ಒಬ್ಬ ಹುಡುಗ ಅವ್ವನ ಗಂಟನ್ನ ಸಲೈನ್ ನೀರು ತುಂಬಿದ ಉಪ್ಪಿನಕಾಯಿ ಬಾಟ್ಲಿಯಾಗ ಹಾಕ್ಕೊಂಡು ತಂದ, ಮೇ ತಿಂಗಳು, ಎರಡು ದಿನ ಆಗಿತ್ತು. ಮುಚ್ಚಳ ತೆಗೆದ್ರ ವಾಸನಿ. ಅವನ ತಪ್ಪಲ್ಲ, ಕೊಟ್ಟವರು ಹಂಗ ಕೊಟ್ಟಿದ್ರು. ನಾನು ಕ್ಯಾನ್ಸರ್ ಅಂತ ಹೇಳಬಲ್ಲವಳಾದೆ, ಪ್ರೋಟೀನು ಯಾವುದು ಅಂತ ಹೇಳಾಕ ಆಗಲಿಲ್ಲ. ಅದಕ್ಕ ಆಪರೇಷನ್ ಮುಂಚೆ ಕೇಳ್ರಿ, ಫಾರ್ಮಾಲಿನ್ ಐತೇನ್ರಿ, ಎಷ್ಟೊತ್ತಿಗೆ ಹಾಕ್ತೀರಿ, ಟೈಮ್ ಬರೀತೀರಾ ಅಂತ. ಹುಬ್ಬು ಏರಿಸ್ತಾರ, ಏರಿಸ್ಲಿ. ನಿಮ್ಮ ಎರಡು ರಿಪೋರ್ಟಿನ ಮಾತಿಗೆ ಬಂದ್ರ, ಒಂದು ಸೂಜಿ ಬಯಾಪ್ಸಿದು, ಇನ್ನೊಂದು ದೊಡ್ಡ ಗಂಟಿಂದು ಇರಬೇಕು, ಎರಡೂ ಸ್ಲೈಡು ಒಬ್ಬರ ಹತ್ರ ಒಟ್ಟಿಗೆ ಇಟ್ಟು ನೋಡಿಸ್ರಿ. ಪಾಸಿಟಿವ್ ಖಾತ್ರಿ ಆದ್ರ ಗುಳಿಗಿ ಬಿಡಬ್ಯಾಡ್ರಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಆಪರೇಷನ್ ಆಗಿತ್ತು, ಈಆರ್ ಪಾಸಿಟಿವ್, ಮಾತ್ರೆ ತಪ್ಪಿಸಿಲ್ಲ. ಈಗ ಬೆನ್ನೆಲುಬಿಗೆ ಬಂದೈತೆ. ಹಳೇ ಬ್ಲಾಕ್ ತಗೊಂಡು ಬರ್ರಿ, ಎಲುಬಿನಿಂದಲೂ ಬಯಾಪ್ಸಿ ಮಾಡಬೇಕು ಅಂತಾರೆ. ಇನ್ನೊಮ್ಮೆ ಯಾಕೆ ಚುಚ್ಚಬೇಕು?
— ಕಂಪ್ಲಿ

ಉತ್ತರ: ಯಾಕಂದ್ರ ಅದು ಈಗ ಹಳೇ ಗಂಟಲ್ಲ. ವರ್ಷಗಟ್ಟಲೆ ಔಷಧದ ನಡುವ ಬದುಕಿದ ಕೋಶ ಬದಲಾಗಿರ್ತೈತಿ. ಕೆಲವರಿಗೆ ಈಆರ್ ಹೋಗಿರ್ತೈತಿ, ಕೆಲವರಿಗೆ ಈಆರಿನ ಚೀಟಿ ಕೆಟ್ಟು ಅದು ಹಾರ್ಮೋನು ಬರದನ ಮೈ ಹೊಳ್ಳಿಸಿಕೊಂಡು ಸಹಾಯಕರನ್ನ ಕರೆಯಾಕ ಹತ್ತಿರ್ತೈತಿ, ಆಗ ಹಾರ್ಮೋನು ನಿಲ್ಲಿಸೋ ಗುಳಿಗಿ ನುಂಗಿ ಉಪಯೋಗಿಲ್ಲ, ಈಆರನ್ನ ಕರಗಿಸೋ ಫುಲ್ವೆಸ್ಟ್ರಂಟ್ ಅನ್ನೋ ಸೂಜಿ ನೋಡ್ತಾರ, ಮ್ಯಾಲೆ ಹೇಳಿದ ಪಾಲ್ಬೋಸಿಕ್ಲಿಬ್ ಜೋಡಿ. ಹರ್2 1+ ಇಲ್ಲಾ 2+ ಇದ್ರೂ, ಮುಂದ ರೋಗ ಬಗ್ಗದ ಹೋದ್ರ ಅದಕ್ಕ ಔಷಧ ಬಂದಾವ, 2022ರಿಂದ, ಅದಕ್ಕ ಹಳೇ ಬ್ಲಾಕಿನ ಮ್ಯಾಲೂ ಕಣ್ಣು. ಮಾತ್ರೆ ತಪ್ಪಿಸಿಲ್ಲ ಅಂತ ಬರದೀರಿ, ಹಂಗಿದ್ದ ಮ್ಯಾಲೆ ಇದು ಬಂದಿದ್ದು ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ.

ಬ್ಲಾಕ್ ಅಂದ್ರ ಮೇಣದಾಗ ಹುಗಿದಿಟ್ಟ ಗಂಟಿನ ತುಣುಕು, ಬೆರಳಿನ ಉಗುರಿನಷ್ಟು, ಆಪರೇಷನ್ ಆದ ದವಾಖಾನಿ ಲ್ಯಾಬಿನ್ಯಾಗ ಇರ್ತೈತಿ, ಕೇಳಿದ್ರ ಕೊಡ್ತಾರ. ಹೋಗುವಾಗ ಆಪರೇಷನ್ ತಾರೀಖು, ಹಳೇ ರಿಪೋರ್ಟಿನ ಮ್ಯಾಲಿನ ಬಯಾಪ್ಸಿ ನಂಬರು ಒಯ್ರಿ, ಸಹಿ ಮಾಡಿಸಿಕೊಂಡು ಕೊಡ್ತಾರ, ಕೆಲಸ ಮುಗಿದ ಮ್ಯಾಲೆ ಹೊಳ್ಳಿ ಇಸ್ಕೊಳ್ರಿ. ತರುವಾಗ ಬಸ್ಸಿನ ಇಂಜಿನ್ ಬಾನೆಟ್ ಮ್ಯಾಲೆ ಮಾತ್ರ ಇಡಬ್ಯಾಡ್ರಿ, ಬೈಕಿನ ಡಿಕ್ಕಿಯಾಗೂ ಬ್ಯಾಡ, ಮೇಣ ಅದು, ನಮ್ಮ ಬಿಸಲಿಗೆ ಮೆತ್ತಗಾಕ್ಕೈತಿ. ಚೀಲದಾಗ ಹಾಕ್ಕೊಂಡು ತೊಡಿ ಮ್ಯಾಲೆ ಇಟ್ಕೊಂಡು ಬರ್ರಿ.